ಹೆಣಿಗೆಗೆ ತಕ್ಕ ನೂಲು: ಒಂದು ವಿವೇಚನೆ

ಕನ್ನಡದಲ್ಲಿ ‘ನೂಲು’ ಎಂಬುದು ನಾಮಪದವೂ ಹೌದು, ಕ್ರಿಯಾಧಾತುವೂ ಹೌದು. ನೂಲುವುದರಿಂದ ಬಂದುದು ನೂಲು. ‘ಹೆಣಿಗೆ’ ಎಂಬ ಮಾತಿನ ಮೂಲವು ಹಳಗನ್ನಡದ ‘ಪೆಣೆ’ ಧಾತು. ಪದಾದಿಯ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವ ನಿಯಮದಂತೆ ಅದು ‘ಹೆಣೆ’ಯಾಯಿತು. ಜಡೆಯನ್ನು ಹೆಣೆಯುತ್ತಾರೆ, ಬುಟ್ಟಿಯನ್ನು ಹೆಣೆಯುತ್ತಾರೆ, ಬಲೆಯನ್ನು ಹೆಣೆಯುತ್ತಾರೆ. ಸೀರೆ ಧೋತರಗಳನ್ನು ಮಾತ್ರ ನೇಯುತ್ತಾರೆ. ಎರಡು ಕಡ್ಡಿಗಳ ನೆರವಿನಿಂದ ಸ್ವೆಟರನ್ನೋ ಕುಲಾವಿಯನ್ನೋ ಸಿದ್ಧಪಡಿಸುವ ಕೆಲಸಕ್ಕೆ ಜನರು ‘ನೇಯ್ಗೆ’ ಎನ್ನದೆ ‘ಹೆಣಿಗೆ’ ಎಂದು ಹೆಸರಿಟ್ಟುದು ಬಹು ಸಮಂಜಸವಾಗಿದೆ. ಈ ಎರಡು ಕ್ರಿಯೆಗಳಲ್ಲಿ ನೂಲು ನಡೆದುಕೊಳ್ಳುವ ರೀತಿಯೇ ಬೇರೆ. ನೂಲಿನ ಆಯ್ಕೆಯ ವಿಚಾರವೆಲ್ಲ ಈ ಭೇದದಿಂದಲೇ ಹೊರಡುತ್ತದೆ.

ನೇಯ್ಗೆಯಲ್ಲಿ ಹಾಸು ಒಂದು, ಹೊಕ್ಕು ಒಂದು. ಎರಡೂ ಬಹುಮಟ್ಟಿಗೆ ನೇರವಾಗಿ ಮಲಗಿರುತ್ತವೆ. ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ. ಆದುದರಿಂದ ನೇಯ್ದ ಬಟ್ಟೆಯು ಎಳೆದರೆ ಅಷ್ಟಾಗಿ ಹಿಗ್ಗದು. ಹೆಣಿಗೆಯಲ್ಲಿಯಾದರೋ ಮೊದಲಿನಿಂದ ಕೊನೆಯವರೆಗೆ ಒಂದೇ ನೂಲು. ಅದು ಹೆಜ್ಜೆಹೆಜ್ಜೆಗೂ ಬಾಗಿ ಕುಣಿಕೆಯಾಗುತ್ತದೆ. ಒಂದು ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆ ತೂರಿ ಬರುತ್ತದೆ. ಎಳೆದಾಗ ಕುಣಿಕೆಗಳು ಅಗಲವಾಗುತ್ತವೆ, ಬಿಟ್ಟಾಗ ಹಿಂದಿರುಗಬೇಕು. ಹಿಂದಿರುಗುವ ಈ ಗುಣವು ಸ್ವಲ್ಪ ಮಟ್ಟಿಗೆ ಹೆಣಿಗೆಯ ರಚನೆಯಿಂದ ಬರುವುದಾದರೂ ಉಳಿದುದು ನೂಲಿನಿಂದಲೇ ಬರಬೇಕು. ನೇಕಾರನಿಗೆ ನೂಲು ಗಟ್ಟಿಯಾಗಿದ್ದರೆ ಅರ್ಧ ಕೆಲಸವಾಯಿತು. ಹೆಣೆಯುವವರಿಗೆ ಅದು ಗಟ್ಟಿಯಾಗಿರುವುದರ ಜೊತೆಗೆ ಬಾಗಬಲ್ಲುದೂ ಆಗಿರಬೇಕು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ಲೆಕ್ಕವನ್ನೇ ನೋಡೋಣ. ಮಧ್ಯಮ ದಪ್ಪದ ನೂಲಿನಲ್ಲಿ ಹತ್ತು ಸೆಂಟಿಮೀಟರು ಅಗಲಕ್ಕೆ ಸುಮಾರು 22 ಕುಣಿಕೆಗಳು, ಹತ್ತು ಸೆಂಟಿಮೀಟರು ಎತ್ತರಕ್ಕೆ ಸುಮಾರು 30 ಸಾಲುಗಳು ಬರುತ್ತವೆ. ಅಂದರೆ ಅಂಗೈಯಗಲದ ಚೌಕಕ್ಕೆ 660 ಕುಣಿಕೆಗಳು. ದೊಡ್ಡವರ ಒಂದು ಸ್ವೆಟರಿನಲ್ಲಿ ಇಂಥ ಚೌಕಗಳು ತೊಂಬತ್ತಕ್ಕೂ ಹೆಚ್ಚು. ಅಲ್ಲಿಗೆ ಅರವತ್ತು ಸಾವಿರ ಸಲ ಕೈ ಆಡಬೇಕಾಯಿತು. ಮನೆಗೆಲಸ ಮುಗಿಸಿ, ರಾತ್ರಿ ದೀಪದ ಬೆಳಕಿನಲ್ಲಿ ತಿಂಗಳುಗಟ್ಟಲೆ ನಡೆಯುವ ಈ ದುಡಿಮೆಯ ಭವಿಷ್ಯವು ಅಂಗಡಿಯ ಕಟ್ಟೆಯ ಮುಂದೆ ಹತ್ತು ನಿಮಿಷಗಳಲ್ಲಿ ಮಾಡಿದ ಒಂದು ಆಯ್ಕೆಯನ್ನು ಅವಲಂಬಿಸಿದೆ. ಬಣ್ಣ ಕಣ್ಣಿಗೆ ಒಪ್ಪಿತು, ಬೆಲೆ ಕೈಗೆ ಎಟುಕಿತು ಎಂದಷ್ಟೇ ನೋಡಿ ತಂದ ನೂಲು ಮೊದಲನೆಯ ಒಗೆತದಲ್ಲಿಯೇ ಕುಗ್ಗಿ, ಮೊಮ್ಮಗನಿಗೆಂದು ಹೆಣೆದ ಸ್ವೆಟರು ಅವನ ತಮ್ಮನಿಗೂ ಆಗದೆ ಪೆಟ್ಟಿಗೆಯ ತಳ ಸೇರಿದಾಗ, ನಷ್ಟವಾದದ್ದು ನೂಲಿನ ಬೆಲೆಯಷ್ಟೇ ಅಲ್ಲ. ಆ ಅಜ್ಜಿ ಮತ್ತೊಮ್ಮೆ ಕಡ್ಡಿ ಹಿಡಿಯದಿರುವುದೂ ಉಂಟು.

ಕಾವ್ಯಮೀಮಾಂಸೆಯಲ್ಲಿ ಕ್ಷೇಮೇಂದ್ರನು ಔಚಿತ್ಯವೆಂಬುದಕ್ಕೆ ಅಗ್ರಸ್ಥಾನ ಕೊಟ್ಟನು. ಅಲಂಕಾರವೇ ಆಗಲಿ ಗುಣವೇ ಆಗಲಿ ತನ್ನಷ್ಟಕ್ಕೆ ತಾನು ಒಳ್ಳೆಯದೂ ಅಲ್ಲ, ಕೆಟ್ಟುದೂ ಅಲ್ಲ. ತಕ್ಕ ಸ್ಥಾನದಲ್ಲಿದ್ದರೆ ಶೋಭಿಸುತ್ತದೆ ಎಂಬುದು ಅವನ ವಿಚಾರದ ಸಾರ. ಆತನು ಕಾಶ್ಮೀರದವನು, ಉಣ್ಣೆಯ ನಾಡಿನವನು! ನೂಲಿನ ಅಂಗಡಿಯಲ್ಲಿ ನಿಂತವರಿಗೂ ಈ ಔಚಿತ್ಯವೇ ದಾರಿ ತೋರುವಂಥದು. ‘ಇದರಲ್ಲಿ ಒಳ್ಳೆಯ ನೂಲು ಯಾವುದು?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ತೊಡುವವರು ಯಾರು, ಒಗೆಯುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು.

ತೊಡುವುದು ಹಸುಳೆಯಾದರೆ ಮೊದಲು ನೋಡತಕ್ಕದ್ದು ಎಳೆಯ ನವಿರು. ಉಣ್ಣೆ ಚುಚ್ಚುತ್ತದೆ ಎಂಬ ದೂರು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಚುಚ್ಚುವಿಕೆಗೆ ಮುಖ್ಯ ಕಾರಣ ದಪ್ಪ ಕೂದಲುಗಳು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಸುಮಾರು 30 ಮೈಕ್ರಾನಿಗಿಂತ ದಪ್ಪನಾದ ಕೂದಲಿನ ತುದಿಯು ಚರ್ಮಕ್ಕೆ ತಾಗಿದಾಗ ಬಾಗದೆ ಒತ್ತುತ್ತದೆ; ಅದಕ್ಕಿಂತ ನವಿರಾದದ್ದು ತಾನೇ ಬಾಗಿಬಿಡುತ್ತದೆ. ಮೆರಿನೋ ಎಂಬ ತಳಿಯ ಕುರಿಯ ಒಳ್ಳೆಯ ಉಣ್ಣೆಯು 20 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಪಶ್ಮೀನಾ 12ರಿಂದ 16. ಯಾವುದೇ ತಳಿಯಲ್ಲಿಯೂ ಮರಿಯ ಮೊದಲ ಕತ್ತರಿಯ ಉಣ್ಣೆಯು ಮುಂದಿನ ಕತ್ತರಿಗಳದಕ್ಕಿಂತ ಮೃದುವಾಗಿರುತ್ತದೆ. ಬೆರಳಿನಿಂದ ಮುಟ್ಟಿ ನೋಡಿದರೆ ಈ ಭೇದ ಗೊತ್ತಾಗಲಾರದು, ಏಕೆಂದರೆ ದುಡಿದ ಕೈಯ ಚರ್ಮ ಒರಟು. ನೂಲಿನ ಉಂಡೆಯನ್ನು ಕತ್ತಿನ ಪಕ್ಕಕ್ಕೋ ಮುಂಗೈಯ ಒಳಭಾಗಕ್ಕೋ ಒತ್ತಿ ಸ್ವಲ್ಪ ಹೊತ್ತು ಹಿಡಿದಿದ್ದರೆ ನಿಜ ತಿಳಿಯುತ್ತದೆ. ಕುಲಾವಿ, ಕಾಲುಚೀಲಗಳಿಗೆ ಉದ್ದ ಜುಂಗಿನ ನೂಲು ನೋಡಲು ಎಷ್ಟೇ ಅಂದವಾಗಿದ್ದರೂ ಬೇಡ. ಕೂಸು ಎಲ್ಲವನ್ನೂ ಬಾಯಿಗೆ ಒಯ್ಯುತ್ತದೆ. ಬಣ್ಣಬಣ್ಣದ ಚಿತ್ರ ಹೆಣೆಯುವಾಗ ಒಳಬದಿಯಲ್ಲಿ ಉದ್ದನೆಯ ಎಳೆಗಳು ಜೋತುಬಿದ್ದರೆ ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಉಂಟು.

ಹಾಗಾದರೆ ಒರಟು ಉಣ್ಣೆ ಕೀಳೋ? ಖಂಡಿತ ಅಲ್ಲ. ಚಳ್ಳಕೆರೆಯ ಕಡೆಯ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಕಂಬಳಿಗಳನ್ನು ಬಲ್ಲವರು ಹಾಗೆನ್ನಲಾರರು. ದಖ್ಖನಿ ಕುರಿಯ ಉಣ್ಣೆ ದಪ್ಪ, ಗಿಡ್ಡ, ಬಿರುಸು. ಬಹುಪಾಲು ಕಪ್ಪು ಇಲ್ಲವೆ ಕಂದು. ಅದನ್ನು ಕೈಯಿಂದ ನೂತು, ಹಾಸಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯ್ದಾಗ ಸಿದ್ಧವಾಗುವ ಕಂಬಳಿಯು ಕುರಿಗಾರನಿಗೆ ಮಳೆಯಲ್ಲಿ ಸೂರು, ರಾತ್ರಿಯಲ್ಲಿ ಹಾಸಿಗೆ, ಚಳಿಯಲ್ಲಿ ಹೊದಿಕೆ. ಮೆರಿನೋದ ಮೃದು ನೂಲಿನಿಂದ ಅದೇ ಕಂಬಳಿಯನ್ನು ಮಾಡಿದರೆ ಒಂದು ಮಳೆಗಾಲವನ್ನೂ ಕಾಣಲಾರದು. ಹಾಗೆಯೇ ಕಂಬಳಿಯ ನೂಲಿನಿಂದ ಕೂಸಿಗೆ ಕುಲಾವಿ ಹೆಣೆದರೆ ಅದರ ಅಳು ನಿಲ್ಲದು. ಭಾರತದಲ್ಲಿ ದೊರೆಯುವ ಉಣ್ಣೆಯ ಹೆಚ್ಚಿನ ಪಾಲು ಜಮಖಾನೆ, ಕಂಬಳಿಗಳಿಗೆ ತಕ್ಕುದಾಗಿರುವುದರಿಂದಲೇ ಮೈಗೆ ತೊಡುವ ನವಿರು ಉಣ್ಣೆಯನ್ನು ಮುಖ್ಯವಾಗಿ ಆಸ್ಟ್ರೇಲಿಯಾದಿಂದ ತರಿಸಿಕೊಳ್ಳಬೇಕಾಗಿದೆ.

ಇದೇ ಮಾತಿಗೆ ಹೆಣಿಗೆಯ ಕ್ಷೇತ್ರದಿಂದಲೇ ಎರಡು ನಿದರ್ಶನಗಳನ್ನು ಕೊಡಬಹುದು. ಎರಡೂ ಬ್ರಿಟನ್ನಿನ ಸುತ್ತಣ ದ್ವೀಪಗಳವು. ಇಂಗ್ಲಿಷ್ ಕಾಲುವೆಯಲ್ಲಿರುವ ಗರ್ನ್‌ಸಿ ದ್ವೀಪದ ಹೆಸರನ್ನೇ ಹೊತ್ತ ಒಂದು ಬಗೆಯ ಅಂಗಿಯನ್ನು ಮೀನುಗಾರರು ತಲೆಮಾರುಗಳಿಂದ ತೊಡುತ್ತ ಬಂದಿದ್ದಾರೆ. ಅದಕ್ಕೆ ಬಳಸುವುದು ಐದು ಎಳೆ ಸೇರಿಸಿ ಬಿಗಿಯಾಗಿ ಹುರಿಗೊಳಿಸಿದ, ಗಡುಸಾದ, ಕಡುನೀಲಿ ಉಣ್ಣೆಯ ನೂಲು. ಅದನ್ನು ಸಣ್ಣ ಕಡ್ಡಿಗಳಿಂದ ಎಷ್ಟು ಒತ್ತಾಗಿ ಹೆಣೆಯುತ್ತಾರೆಂದರೆ ಕಡಲ ಗಾಳಿಯೂ ತುಂತುರೂ ಒಳಗೆ ನುಗ್ಗಲು ಹೆಣಗಬೇಕು. ಉತ್ತರದ ಶೆಟ್‌ಲೆಂಡ್ ದ್ವೀಪಗಳಲ್ಲಿಯಾದರೋ ಅಲ್ಲಿನ ಕುರಿಯ ಕತ್ತಿನ ಭಾಗದ ಅತಿ ನವಿರಾದ ಉಣ್ಣೆಯನ್ನು ಕೂದಲೆಳೆಯಂತೆ ನೂತು ಜಾಲಿಯ ಶಾಲುಗಳನ್ನು ಹೆಣೆಯುತ್ತಾರೆ. ಆಳೆತ್ತರದ ಶಾಲು ಬೆರಳುಂಗುರದೊಳಗಿಂದ ಹಾದುಹೋಗುತ್ತದೆ. ಅದಕ್ಕೆ ‘ಉಂಗುರದ ಶಾಲು’ ಎಂದೇ ಹೆಸರು. ಎರಡೂ ಉಣ್ಣೆಯೇ. ಒಂದರ ನೂಲಿನಿಂದ ಇನ್ನೊಂದನ್ನು ಮಾಡಹೊರಟವನು ಎರಡನ್ನೂ ಕೆಡಿಸುತ್ತಾನೆ.

ಉಣ್ಣೆಯನ್ನು ನೂಲುವ ಮೊದಲು ಹದಗೊಳಿಸುವ ಕ್ರಮ ಎರಡು ವಿಧ. ಹಿಂಜಿ ನೂತದ್ದರಲ್ಲಿ ಕೂದಲುಗಳು ದಿಕ್ಕುದಿಕ್ಕಿಗೆ ಹರಡಿ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದು ಹಗುರ, ಬೆಚ್ಚಗೆ, ಆದರೆ ಬೇಗ ಸವೆಯುತ್ತದೆ. ಬಾಚಿ ನೂತದ್ದರಲ್ಲಿ ಕೂದಲುಗಳು ಸಮಾನಾಂತರವಾಗಿ ಮಲಗಿ ನೂಲು ನುಣುಪೂ ಗಟ್ಟಿಯೂ ಆಗುತ್ತದೆ. ಶಾಲೆಗೆ ಹೋಗುವ ಹುಡುಗನ ಸ್ವೆಟರಿಗೆ ಬಾಚಿದ ನೂಲು ಲೇಸು. ಅವನ ಮೊಣಕೈ ಬೆಂಚಿನ ಮೇಲೆ ದಿನವಿಡೀ ಉಜ್ಜುತ್ತಿರುತ್ತದೆ. ಹುಬ್ಬಳ್ಳಿ, ಗದಗಿನ ಹತ್ತಿ ಪೇಟೆಯಲ್ಲಿ ಓಡಾಡಿದವರಿಗೆ ಒಂದು ಪರೀಕ್ಷೆ ಗೊತ್ತು: ಹತ್ತಿಯ ಚಿಟಿಕೆಯನ್ನು ಎರಡು ಹೆಬ್ಬೆರಳುಗಳ ನಡುವೆ ಎಳೆದೆಳೆದು ಎಳೆಯ ಉದ್ದವನ್ನು ಕಾಣುವುದು. ನೂಲಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ತುದಿಯ ಹುರಿಯನ್ನು ಬಿಚ್ಚಿ ಮೆಲ್ಲಗೆ ಎಳೆದರೆ ಒಳಗಿನ ಕೂದಲುಗಳು ಉದ್ದವೋ ಗಿಡ್ಡವೋ ಗೊತ್ತಾಗುತ್ತದೆ. ಗಿಡ್ಡ ಎಳೆಯ, ಸಡಿಲ ಹುರಿಯ ನೂಲು ಅಂಗಡಿಯಲ್ಲಿ ಬೆಣ್ಣೆಯಂತೆ ಮೃದುವಾಗಿರುತ್ತದೆ. ಮೂರು ತಿಂಗಳಲ್ಲಿ ಕಂಕುಳಲ್ಲಿಯೂ ಮೊಣಕೈಯಲ್ಲಿಯೂ ಸಾಸಿವೆಯಂಥ ಗುಂಡುಗಳನ್ನು ಎಬ್ಬಿಸುತ್ತದೆ.

ಇನ್ನು ಒಗೆಯುವವರು ಯಾರೆಂಬ ಎರಡನೆಯ ಪ್ರಶ್ನೆ. ಉಣ್ಣೆಯ ಕೂದಲಿನ ಮೇಲ್ಮೈಯಲ್ಲಿ ಹೆಂಚು ಹೊದಿಸಿದಂತೆ ಸಣ್ಣ ಸಣ್ಣ ಪೊರೆಗಳಿವೆ. ಬಿಸಿನೀರು, ಸೋಡಾ ಸೇರಿದ ಸಾಬೂನು, ಉಜ್ಜಾಟ ಈ ಮೂರೂ ಕೂಡಿದರೆ ಆ ಪೊರೆಗಳು ಒಂದರೊಳಗೊಂದು ಸಿಕ್ಕಿಕೊಂಡು ಬಟ್ಟೆಯು ಕುಗ್ಗಿ ದಪ್ಪಗಟ್ಟುತ್ತದೆ. ಕಾಶ್ಮೀರದ ನಮದಾ ಎಂಬ ಹಾಸು ಹುಟ್ಟುವುದು ಈ ಗುಣದಿಂದಲೇ. ಅಲ್ಲಿ ಅದು ವರ, ಸ್ವೆಟರಿನಲ್ಲಿ ಶಾಪ. ಹೀಗೆ ಒಮ್ಮೆ ಕುಗ್ಗಿದುದನ್ನು ಮತ್ತೆ ಹಿಗ್ಗಿಸಲು ಬಾರದು. ಮನೆಯಲ್ಲಿ ಹಿರಿಯರೊಬ್ಬರು ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಮೃದುವಾಗಿ ಹಿಂಡಿ, ಚಾಪೆಯ ಮೇಲೆ ಹರವಿ ನೆರಳಿನಲ್ಲಿ ಒಣಗಿಸುವವರಿದ್ದರೆ ಶುದ್ಧ ಉಣ್ಣೆಯನ್ನು ಧೈರ್ಯವಾಗಿ ಕೊಳ್ಳಬಹುದು. ವಿದ್ಯಾರ್ಥಿನಿಲಯದ ಹುಡುಗನ ಸ್ಥಿತಿ ಬೇರೆ. ಅವನ ಬಟ್ಟೆಗಳೆಲ್ಲ ಒಂದೇ ಬಕೀಟಿನಲ್ಲಿ ನೆನೆದು, ಒಂದೇ ಕಲ್ಲಿನ ಮೇಲೆ ಒಗೆಸಿಕೊಂಡು, ಒಂದೇ ತಂತಿಯ ಮೇಲೆ ನೇತಾಡುತ್ತವೆ. ಅಂಥವನಿಗೆ ದುಬಾರಿ ಮೆರಿನೋದ ಸ್ವೆಟರನ್ನು ಕೊಡುವುದು ಪ್ರೀತಿಯಿರಬಹುದು, ಔಚಿತ್ಯವಲ್ಲ. ಪೊರೆಗಳು ಸಿಕ್ಕಿಕೊಳ್ಳದಂತೆ ಸಂಸ್ಕರಿಸಿದ ಉಣ್ಣೆಯನ್ನು ‘ಸೂಪರ್‌ವಾಶ್’ ಎಂಬ ಹೆಸರಿನಿಂದ ಮಾರುತ್ತಾರೆ. ಅದು ಒಗೆತವನ್ನು ಬಹುಮಟ್ಟಿಗೆ ತಾಳುತ್ತದೆ. ಉಣ್ಣೆ ಮತ್ತು ಅಕ್ರಿಲಿಕ್ ಬೆರೆಸಿದ ನೂಲೂ ಆದೀತು.

ಅಕ್ರಿಲಿಕ್ಕಿನ ವಿಷಯವಾಗಿ ಒಂದೆರಡು ಮಾತು ಸ್ಪಷ್ಟವಾಗಿ ಹೇಳುವುದು ಒಳಿತು. ಇದು ರಾಸಾಯನಿಕವಾಗಿ ತಯಾರಾದ ಎಳೆ. 1950ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯು ‘ಆರ್ಲಾನ್’ ಎಂಬ ಹೆಸರಿನಿಂದ ಇದರ ವ್ಯಾಪಾರಿ ಉತ್ಪಾದನೆಯನ್ನು ಆರಂಭಿಸಿತು. ಬೆಲೆ ಕಡಿಮೆ, ತೂಕ ಕಡಿಮೆ, ನುಸಿ ತಿನ್ನದು, ಬಣ್ಣ ಬಿಡದು, ಒಗೆಯಲು ಸುಲಭ. ಕನ್ನಡದ ‘ಉಣ್ಣೆ’ ಸಂಸ್ಕೃತದ ‘ಊರ್ಣಾ’ ಶಬ್ದದ ತದ್ಭವ, ಕುರಿಯ ತುಪ್ಪಟಕ್ಕೇ ಮೀಸಲಾದ ಹೆಸರು. ಪೇಟೆಯ ‘ಉಲ್ಲನ್’ ಎಂಬ ಶಬ್ದಕ್ಕೆ ಮಾತ್ರ ಆ ನಿಷ್ಠೆಯಿಲ್ಲ. ಆ ಹೆಸರಿನಲ್ಲಿ ಮಾರುವುದರಲ್ಲಿ ಅಕ್ರಿಲಿಕ್ಕೇ ಬಹಳ. ಅದರಲ್ಲಿ ತಪ್ಪೇನೂ ಇಲ್ಲ, ಕೊಳ್ಳುವವರಿಗೆ ತಿಳಿದಿದ್ದರೆ. ಆದರೆ ಅಕ್ರಿಲಿಕ್ ಬೆಂಕಿ ತಗುಲಿದರೆ ಕರಗುತ್ತ ಉರಿಯುತ್ತದೆ, ಕರಗಿದುದು ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆಯಾದರೋ ಸುಲಭವಾಗಿ ಹೊತ್ತಿಕೊಳ್ಳದು. ಹೊತ್ತಿಕೊಂಡರೂ ಜ್ವಾಲೆಯಿಂದ ದೂರ ಸರಿಸಿದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಚಳಿಗಾಲದ ಬೆಳಗಿನಲ್ಲಿ ನೀರೊಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂರುವ ಮಕ್ಕಳಿಗೂ, ಒಲೆಯ ಬಳಿ ಕೆಲಸ ಮಾಡುವ ಹೆಂಗಸರಿಗೂ ಇದು ಕೇವಲ ಸೌಂದರ್ಯದ ಪ್ರಶ್ನೆಯಲ್ಲ. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಯ ಬದಲು ಅಂದವಾದ ಚೌಕಗಳನ್ನು ಹೆಣೆಯುವ ಹವ್ಯಾಸವುಳ್ಳವರು ಅವುಗಳನ್ನು ಹತ್ತಿಯ ನೂಲಿನಿಂದಲೇ ಹೆಣೆಯತಕ್ಕದ್ದು.

ಉಂಡೆಯ ಮೇಲಿನ ಪಟ್ಟಿ ಕಳೆದುಹೋಗಿ ನೂಲಿನ ಜಾತಿ ತಿಳಿಯದಾದಾಗ ಬೆಂಕಿಯೇ ಅದನ್ನು ಹೇಳುತ್ತದೆ. ಗೇಣುದ್ದದ ತುಂಡನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯಿಟ್ಟು, ದೀಪಕ್ಕೆ ಒಡ್ಡಬೇಕು. ಕೂದಲು ಸುಟ್ಟ ವಾಸನೆ ಬಂದು, ಕರಿಯ ಬೂದಿ ಬೆರಳಿನಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ, ನವಿರಾದ ಬಿಳಿಬೂದಿಯಾದರೆ ಹತ್ತಿ. ಕರಗಿ, ಆರಿದ ಮೇಲೆ ಕಲ್ಲಿನಂಥ ಕಪ್ಪು ಮಣಿಯಾದರೆ ಅಕ್ರಿಲಿಕ್. ಶಾಲೆಯ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲಿ ಇದನ್ನು ಮಾಡಿಸಿದರೆ ಮಕ್ಕಳು ಪಾಠವನ್ನು ಮರೆಯಲಾರರು.

ಹತ್ತಿಯ ನೂಲನ್ನು ಹೆಣಿಗೆಯವರು ಸ್ವಲ್ಪ ಅಸಡ್ಡೆಯಿಂದ ನೋಡುವುದುಂಟು. ಹೆಣಿಗೆಯೆಂದರೆ ಉಣ್ಣೆಯೆಂಬ ಭಾವನೆ ಬೇರೂರಿದೆ. ಆದರೆ ಈಗ ಉಳಿದಿರುವ ಅತ್ಯಂತ ಪುರಾತನವಾದ ನಿಜವಾದ ಹೆಣಿಗೆಯ ತುಂಡುಗಳು ಈಜಿಪ್ಟಿನಲ್ಲಿ ದೊರೆತವು, ಸುಮಾರು ಸಾವಿರ ವರ್ಷಗಳಷ್ಟು ಹಳೆಯವು. ಅವುಗಳಲ್ಲಿ ಪ್ರಸಿದ್ಧವಾದ ನೀಲಿ-ಬಿಳಿಯ ಕಾಲುಚೀಲಗಳು ಹತ್ತಿಯವು! ಕರ್ನಾಟಕದ ಬಹುಭಾಗದ ಹವೆಗೆ ಹತ್ತಿಯು ಒಗ್ಗುವಂಥದು. ಧಾರವಾಡ ಬೆಳಗಾವಿಗಳಲ್ಲಿ ಪುಷ್ಯಮಾಸದ ಬೆಳಗು ನಡುಗಿಸುತ್ತದೆ, ಹೊತ್ತು ಏರಿದಂತೆ ಬಿಸಿಲು ಚುರುಗುಟ್ಟುತ್ತದೆ. ಇಲ್ಲಿ ದಪ್ಪ ಉಣ್ಣೆಯ ಅಂಗಿಯು ಹತ್ತು ಗಂಟೆಗೆ ಹೊರೆಯಾಗುತ್ತದೆ; ಸಣ್ಣ ಉಣ್ಣೆಯ ತೋಳಿಲ್ಲದ ಅಂಗಿ ಅಥವಾ ಹತ್ತಿಯ ಹೆಣಿಗೆ ಸಾಕು. ಹತ್ತಿಯ ದೋಷವೆಂದರೆ ತೂಕ ಮತ್ತು ಜೋಲು. ಒಂದೇ ಗಾತ್ರದ ಹತ್ತಿಯೂ ಉಣ್ಣೆಯೂ ತೂಗಿದರೆ ಹತ್ತಿಯೇ ಹೆಚ್ಚು. ಅಕ್ರಿಲಿಕ್ ಎಲ್ಲಕ್ಕಿಂತ ಹಗುರ. ಹತ್ತಿಯಲ್ಲಿ ಎಳೆದು ಬಿಟ್ಟಾಗ ಹಿಂದಿರುಗುವ ಗುಣ ಅಲ್ಪ. ಆದುದರಿಂದ ಹತ್ತಿಯ ದೊಡ್ಡ ಸ್ವೆಟರು ಆರು ತಿಂಗಳಲ್ಲಿ ಮೊಳಕಾಲಿನ ಕಡೆಗೆ ಪ್ರಯಾಣ ಹೊರಡುತ್ತದೆ. ಮಗುವಿನ ಅಂಗಿ, ಜಾಲಿಚೀಲ, ಮೇಜಿನ ಹೊದಿಕೆಗಳಿಗೆ ಈ ಬಾಧೆಯಿಲ್ಲ. ಒದ್ದೆಯಾದಾಗ ಹತ್ತಿಯ ಬಲ ಹೆಚ್ಚುತ್ತದೆ, ಉಣ್ಣೆಯದು ಕುಗ್ಗುತ್ತದೆ; ಮೇಲಿಂದ ಮೇಲೆ ಒಗೆಯಬೇಕಾದ ವಸ್ತುವಿಗೆ ಹತ್ತಿಯೇ ಸರಿ. ರೇಷ್ಮೆಯೂ ಹಿಗ್ಗಿ ಕುಗ್ಗುವುದರಲ್ಲಿ ಉಣ್ಣೆಯಂತಲ್ಲ. ಉಣ್ಣೆಯೊಡನೆ ಬೆರೆತಾಗ ಅದರ ಹೊಳಪು ಚೆನ್ನ.

ಹುರಿಯ ವಿಚಾರ. ‘ಹುರಿಗೊಳಿಸು’ ಎಂಬ ಮಾತನ್ನು ಕನ್ನಡಿಗರು ಮನಸ್ಸಿಗೂ ತೋಳಿಗೂ ಬಳಸುವುದುಂಟು. ನೂಲಿನಲ್ಲಿ ಅದರ ಅರ್ಥ ಪ್ರತ್ಯಕ್ಷ. ಒಂಟಿ ಎಳೆಯನ್ನು ಒಂದು ದಿಕ್ಕಿಗೆ ತಿರುಚಿ, ಅಂಥ ಎರಡು ಮೂರು ಎಳೆಗಳನ್ನು ಕೂಡಿಸಿ ವಿರುದ್ಧ ದಿಕ್ಕಿಗೆ ತಿರುಚಿದಾಗ ಎರಡೂ ತಿರುಚುಗಳು ಒಂದನ್ನೊಂದು ತಡೆದು ನೂಲು ಸಮತೋಲವಾಗಿ ನಿಲ್ಲುತ್ತದೆ. ಒಂಟಿ ಎಳೆಯಿಂದ ಹೆಣೆದ ಬಟ್ಟೆಯು ಒಂದು ಪಕ್ಕಕ್ಕೆ ಓರೆಯಾಗಿ ಹೊರಳಿಕೊಳ್ಳುತ್ತದೆ. ಮೊಳದುದ್ದ ನೂಲನ್ನು ಬಿಚ್ಚಿ, ಎರಡು ತುದಿಗಳನ್ನು ಹತ್ತಿರ ತಂದು ನಡುವನ್ನು ಜೋತುಬಿಟ್ಟು ನೋಡಬೇಕು. ಜೋತದ್ದು ಸುಮ್ಮನೆ ನಿಂತರೆ ಹುರಿ ಸಮವಾಗಿದೆ. ಹಾವಿನಂತೆ ಸುತ್ತಿಕೊಂಡರೆ ಇಲ್ಲ. ತಿರುಚಿದ ಜಡೆಯಂಥ ಉಬ್ಬುಚಿತ್ರ ಎದ್ದು ಕಾಣಬೇಕಾದರೆ ದುಂಡಾದ, ಬಿಗಿಹುರಿಯ, ತಿಳಿಬಣ್ಣದ ನೂಲು ಬೇಕು. ಕಪ್ಪು ನೂಲಿನಲ್ಲಿ ಉಬ್ಬುಚಿತ್ರ ಹೆಣೆದವರ ಶ್ರಮವು ಕತ್ತಲೆಯಲ್ಲಿ ಕುಣಿದಂತೆ. ಅಲ್ಲದೆ ವಯಸ್ಸಾದ ಕಣ್ಣುಗಳಿಗೆ ರಾತ್ರಿ ಕಪ್ಪು ನೂಲಿನ ಕುಣಿಕೆ ಕಾಣುವುದೇ ಕಷ್ಟ. ಅಂಗುಲಕ್ಕೊಂದು ಬಣ್ಣ ಬದಲಾಗುವ ನೂಲು ತಾನೇ ಚಿತ್ರವಾದ್ದರಿಂದ ಅದಕ್ಕೆ ಸಾದಾ ಹೆಣಿಗೆಯೇ ಸಾಕು.

ಅಂಕೆಗಳ ಗೊಂದಲವೂ ಉಂಟು. ‘ನಾಲ್ಕು ಪ್ಲೈ’ ಎಂದರೆ ಮೊದಲಿಗೆ ನಾಲ್ಕು ಎಳೆ ಕೂಡಿಸಿದ್ದು ಎಂದೇ ಅರ್ಥವಿತ್ತು. ಬರಬರುತ್ತ ಅದು ಎಳೆಗಳ ಸಂಖ್ಯೆಯನ್ನು ಬಿಟ್ಟು ಒಂದು ನಿರ್ದಿಷ್ಟ ದಪ್ಪಕ್ಕೆ ಹೆಸರಾಯಿತು. ಈಗ ಎರಡೇ ಎಳೆಯ ನೂಲೂ ‘ನಾಲ್ಕು ಪ್ಲೈ’ ಎನಿಸಿಕೊಳ್ಳಬಹುದು. ರೂಢಾರ್ಥವು ಯೌಗಿಕಾರ್ಥವನ್ನು ನುಂಗಿದ್ದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಹತ್ತಿಯ ನೂಲಿನ ‘ನಂಬರು’ ಮತ್ತೊಂದು ಬಗೆ: 840 ಗಜ ಉದ್ದದ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡು ತೂಗುತ್ತದೆಯೋ ಅದೇ ಆ ನಂಬರು. ಆದುದರಿಂದ 20ಕ್ಕಿಂತ 40ರ ನೂಲು ಸಣ್ಣದು. ಕಡ್ಡಿಗಳಲ್ಲಿಯೂ ಹಳೆಯ ಬ್ರಿಟಿಷ್ ಕ್ರಮದಂತೆ ಅಂಕೆ ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ: 8ನೆಯದು 4 ಮಿಲಿಮೀಟರು, 10ನೆಯದು 3.25, 12ನೆಯದು 2.75. ಮಿಲಿಮೀಟರಿನ ಲೆಕ್ಕ ಕೊಡುವ ಪುಸ್ತಕವನ್ನು ನೋಡಿ, ಬ್ರಿಟಿಷ್ ಅಂಕೆಯ ಕಡ್ಡಿಯನ್ನು ಕೊಂಡು ಮೋಸಹೋಗುವವರು ಈ ಭೇದವನ್ನು ಅರಿಯದವರು.

ಇಷ್ಟೆಲ್ಲ ನೋಡಿ ತಂದ ನೂಲಾದರೂ ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅದು ಮಾದರಿ ತುಂಡಿನ ಪರೀಕ್ಷೆ. ಬಹುಮಂದಿ ಇದನ್ನು ಬಿಟ್ಟುಬಿಡುತ್ತಾರೆ, ಸಮಯ ಉಳಿಯಿತೆಂದು ಸಂತೋಷಪಡುತ್ತಾರೆ. ಹದಿನೈದು ಸೆಂಟಿಮೀಟರಿನ ಒಂದು ಚೌಕವನ್ನು ಹೆಣೆದು, ಸ್ವೆಟರನ್ನು ಮುಂದೆ ಹೇಗೆ ಒಗೆಯಲಿದ್ದಾರೋ ಹಾಗೆಯೇ ಒಗೆದು, ಒಣಗಿಸಿ, ನಡುವಿನ ಹತ್ತು ಸೆಂಟಿಮೀಟರಿನಲ್ಲಿ ಕುಣಿಕೆಗಳೆಷ್ಟು ಎಂದು ಎಣಿಸಬೇಕು. ಎದೆಯ ಸುತ್ತಳತೆ 90 ಸೆಂಟಿಮೀಟರು ಬರಬೇಕು, ಪುಸ್ತಕವು ಹತ್ತಕ್ಕೆ 22 ಕುಣಿಕೆ ಎಂದು ಹೇಳಿದೆ ಎನ್ನೋಣ. ಆಗ ಹಾಕಬೇಕಾದ ಕುಣಿಕೆಗಳು 198. ಹೆಣೆಯುವವರ ಕೈಹದ ಸಡಿಲವಾಗಿ ಹತ್ತಕ್ಕೆ 20 ಮಾತ್ರ ಬಂದರೆ ಅದೇ 198 ಕುಣಿಕೆಗಳು 99 ಸೆಂಟಿಮೀಟರಾಗುತ್ತವೆ. ಎರಡೇ ಕುಣಿಕೆಯ ವ್ಯತ್ಯಾಸ, ಒಂಬತ್ತು ಸೆಂಟಿಮೀಟರಿನ ದೋಷ! ಕಡ್ಡಿಯನ್ನು ಒಂದು ಅಳತೆ ಸಣ್ಣದು ಮಾಡಿ ಮತ್ತೆ ನೋಡಬೇಕು. ಅಳತೆ ಸರಿಬಂದರೂ ತುಂಡು ಹಲಗೆಯಂತೆ ಗಡುಸಾಗಿದ್ದರೆ ಆ ನೂಲು ಆ ಕೆಲಸಕ್ಕೆ ದಪ್ಪವಾಯಿತು. ಬಲೆಯಂತೆ ಬೆಳಕು ಕಂಡರೆ ಸಣ್ಣದಾಯಿತು. ಅಂಥ ನೂಲನ್ನು ಬೇರೆ ಕೆಲಸಕ್ಕೆ ತೆಗೆದಿಡುವುದೇ ಜಾಣತನ. ಒಂದೇ ಉಂಡೆ ಕೊಂಡು ಮಾದರಿ ನೋಡಿ, ಉಳಿದುದನ್ನು ಆಮೇಲೆ ಕೊಳ್ಳುವೆನೆಂದರೆ ಮತ್ತೊಂದು ತೊಡಕು ಎದುರಾಗುತ್ತದೆ. ಕಾರಖಾನೆಯಲ್ಲಿ ಒಂದೇ ಸಲ ಬಣ್ಣಕ್ಕೆ ಅದ್ದಿದ ನೂಲಿಗೆಲ್ಲ ಒಂದೇ ಗುರುತಿನ ಸಂಖ್ಯೆ ಹಾಕಿರುತ್ತಾರೆ. ಸಂಖ್ಯೆ ಬೇರೆಯಾದರೆ ಬಣ್ಣವೂ ಕೂದಲೆಳೆಯಷ್ಟು ಬೇರೆ. ಉಂಡೆಯಲ್ಲಿ ಕಾಣದ ಆ ಭೇದವು ಅಂಗಿಯ ಎದೆಯ ಮೇಲೆ ಗೆರೆ ಎಳೆದಂತೆ ಕಾಣುತ್ತದೆ. ಆದುದರಿಂದ ಬೇಕಾದಷ್ಟನ್ನೂ ಅಂಗಡಿಯವರಿಂದ ಒಂದೇ ಸಂಖ್ಯೆಯದಾಗಿ ತೆಗೆದಿರಿಸಿಕೊಂಡು, ಬಳಸದ ಉಂಡೆಗಳನ್ನು ಹಿಂದಿರುಗಿಸುವ ಮಾತನ್ನು ಮೊದಲೇ ಆಡಿಕೊಳ್ಳುವುದು ವಾಡಿಕೆ. ಬೇರೆ ಸಂಖ್ಯೆಯದು ಅನಿವಾರ್ಯವಾದರೆ ಎರಡೆರಡು ಸಾಲುಗಳನ್ನು ಸರದಿಯಾಗಿ ಹೆಣೆದು ಭೇದವನ್ನು ಕರಗಿಸಬಹುದು.

ಎಷ್ಟು ನೂಲು ಬೇಕೆಂಬುದನ್ನು ತೂಕದಿಂದ ಅಳೆಯುವುದು ರೂಢಿಯಲ್ಲಿದ್ದರೂ ಅದು ಸರಿಯಾದ ದಾರಿಯಲ್ಲ, ಉದ್ದದಿಂದ ಅಳೆಯಬೇಕು. ಪುಸ್ತಕದಲ್ಲಿ 50 ಗ್ರಾಮಿಗೆ 120 ಮೀಟರು ಬರುವ ಉಣ್ಣೆಯ ಎಂಟು ಉಂಡೆ ಎಂದು ಬರೆದಿದ್ದರೆ ಬೇಕಾದದ್ದು 960 ಮೀಟರು ನೂಲು. ಅದರ ಬದಲು 50 ಗ್ರಾಮಿಗೆ 85 ಮೀಟರು ಮಾತ್ರ ಬರುವ ಹತ್ತಿಯ ನೂಲನ್ನು ಎಂಟು ಉಂಡೆ ತಂದರೆ ಸಿಕ್ಕುವುದು 680 ಮೀಟರು. ಮೈ ಮುಗಿಯುತ್ತದೆ, ತೋಳುಗಳಿಗೆ ನೂಲಿಲ್ಲ. ಹನ್ನೆರಡು ಉಂಡೆ ತರಬೇಕಿತ್ತು.

ಶಾಲೆಯ ಕೈಕೆಲಸದ ತರಗತಿಗೆ ನೂಲನ್ನು ಒದಗಿಸುವ ಉದಾರಿಗಳೂ ಅದನ್ನು ಆರಿಸುವ ಅಧ್ಯಾಪಕಿಯರೂ ಒಂದು ಸಂಗತಿಯನ್ನು ನೆನಪಿನಲ್ಲಿಡುವುದು ಯುಕ್ತ. ಕಲಿಯುವ ಕೈಗೆ ಮಿಗಿಲಾದ, ಉಳಿದ ನೂಲು ಸಾಕೆಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಕಲಿಯುವವರಿಗೇ ನೂಲಿನ ಗುಣ ಹೆಚ್ಚು ಮುಖ್ಯ. ಜುಂಗಿನ ನೂಲನ್ನು ಬಿಚ್ಚಲು ಬಾರದು, ಕಲಿಯುವವರಾದರೋ ದಿನಕ್ಕೆ ಹತ್ತು ಸಲ ಬಿಚ್ಚಬೇಕು. ಹತ್ತಿಯು ಹಿಗ್ಗದ್ದರಿಂದ ಎಳೆಯ ಬೆರಳುಗಳು ನೋಯುತ್ತವೆ. ಸಣ್ಣ ನೂಲಿನಲ್ಲಿ ವಾರಗಟ್ಟಲೆ ಹೆಣೆದರೂ ನಾಲ್ಕು ಬೆರಳಗಲ ಸಾಗದೆ ಉತ್ಸಾಹ ಬತ್ತುತ್ತದೆ. ಮಧ್ಯಮ ದಪ್ಪದ, ನುಣುಪಾದ, ತಿಳಿಬಣ್ಣದ ಉಣ್ಣೆ ಅಥವಾ ಉಣ್ಣೆ ಬೆರೆತ ಅಕ್ರಿಲಿಕ್, 8ನೆಯ ಸಂಖ್ಯೆಯ ಕಡ್ಡಿ: ಇಷ್ಟಿದ್ದರೆ ಮಗುವು ತನ್ನ ತಪ್ಪನ್ನು ತಾನೇ ಕಾಣಬಲ್ಲದು, ತಾನೇ ತಿದ್ದಬಲ್ಲದು.

ಕೆಲಸ ಮುಗಿದ ಮೇಲೆ ಉಳಿದ ನೂಲಿನಲ್ಲಿ ಐದಾರು ಮಾರು ತೆಗೆದು, ಸಣ್ಣ ಲಡಿ ಮಾಡಿ, ಅಂಗಿಯ ಒಳಹೊಲಿಗೆಯಲ್ಲಿ ಪಕ್ಕೆಯ ಬಳಿ ಎರಡು ಟಾಕಿ ಹಾಕಿ ಸೇರಿಸಿಬಿಡುವ ಪದ್ಧತಿಯೊಂದುಂಟು. ಪೆಟ್ಟಿಗೆಯಲ್ಲಿಟ್ಟ ನೂಲು ಹೊಸದಾಗಿಯೇ ಉಳಿಯುತ್ತದೆ. ಎರಡು ವರ್ಷಗಳ ನಂತರ ಮೊಣಕೈ ಹರಿದಾಗ ಅದರಿಂದ ತೇಪೆ ಹಾಕಿದರೆ ಬಣ್ಣ ಹೊಂದದು. ಅಂಗಿಯ ಜೊತೆಯಲ್ಲಿಯೇ ಒಗೆಸಿಕೊಂಡು ಬಂದ ನೂಲಾದರೆ ಅಂಗಿಯಷ್ಟೇ ಮಾಸಿರುತ್ತದೆ, ಅದರಷ್ಟೇ ಕುಗ್ಗಿರುತ್ತದೆ.